ತಾಳೆ ಕುಟುಂಬದಲ್ಲಿ ಪತ್ರಾಂತರ್ರಚನೆ ಮತ್ತು ಪ್ರಭೇದ ನಿರ್ಣಯ

ತೆಂಗು, ಅಡಿಕೆ, ತಾಳೆ, ಈಚಲು, ಬೈನೆ, ಬೆತ್ತ ಮೊದಲಾದ ಸಸ್ಯಗಳನ್ನು ಒಳಗೊಂಡು, ಹಿಂದಿನ ಗ್ರಂಥಗಳಲ್ಲಿ ಪಾಮೀ ಎಂದೂ ಈಚೆಗೆ ಅರೆಕೇಸೀ ಎಂದೂ ಕರೆಯಲ್ಪಡುವ ಏಕದಳ ಸಸ್ಯಕುಟುಂಬದಲ್ಲಿ, ಎಲೆಯನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು, ಅದರ ಒಳಗಿನ ಅಂಗಾಂಶಗಳ ವಿನ್ಯಾಸವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಆ ಸಾಕ್ಷ್ಯದ ಬಲದಿಂದ ಸಸ್ಯದ ಜಾತಿಯನ್ನೂ ಅನುಕೂಲವಿದ್ದೆಡೆ ಪ್ರಭೇದವನ್ನೂ ನಿರ್ಣಯಿಸುವ ಪದ್ಧತಿಯು ಸಸ್ಯಶಾಸ್ತ್ರದಲ್ಲಿ ಸುಮಾರು ಎರಡು ಶತಮಾನಗಳ ಹಿನ್ನೆಲೆಯನ್ನು ಪಡೆದಿದೆ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 180 ಜಾತಿಗಳೂ 2,500 ಪ್ರಭೇದಗಳೂ ಇವೆ. ಲಿನೇಯಸ್ ಮಹಾಶಯನು ಇವನ್ನು ಸಸ್ಯಲೋಕದ ರಾಜಕುಮಾರರೆಂದು ಭಾವಿಸಿ ಪ್ರಿನ್ಸಿಪೀಸ್ ಎಂಬ ಗಣನಾಮದಿಂದ ಗೌರವಿಸಿದನು. ಅಂತಹ ಗೌರವಕ್ಕೆ ಪಾತ್ರವಾದ ಈ ಸಸ್ಯಗಳೇ ವರ್ಗೀಕರಣ ಶಾಸ್ತ್ರಜ್ಞರಿಗೆ ಬಹಳ ಕಾಲ ತೊಡಕಿನ ವಸ್ತುವಾಗಿಯೂ ಇದ್ದುವು.

ತೊಡಕಿನ ಕಾರಣ ಸ್ಪಷ್ಟವಾಗಿದೆ. ಸಸ್ಯವರ್ಗೀಕರಣವು ಮುಖ್ಯವಾಗಿ ಹೂವನ್ನೂ ಕಾಯಿಯನ್ನೂ ನೆಚ್ಚಿಕೊಂಡು ಬೆಳೆದ ವಿದ್ಯೆ. ಆದರೆ ತಾಳೆ ಕುಟುಂಬದಲ್ಲಿ ಹೂಗೊಂಚಲು ಎಷ್ಟೋ ವೇಳೆ ಮರದ ತುದಿಯಲ್ಲಿ, ಏರಬಲ್ಲವರಿಗೆ ಮಾತ್ರ ನಿಲುಕುವ ಎತ್ತರದಲ್ಲಿರುತ್ತದೆ. ಈಚಲು, ತಾಳೆ, ಬೆತ್ತಗಳಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆ ಬೇರೆ ಸಸ್ಯಗಳಲ್ಲಿ ಹುಟ್ಟುವುದರಿಂದ ಒಂದನ್ನು ಕಂಡವನಿಗೆ ಮತ್ತೊಂದು ಕಾಣದೆ ಹೋಗುತ್ತದೆ. ಶ್ರೀತಾಳವಂತೂ ದಶಕಗಳ ಕಾಲ ಬರಿಯ ಎಲೆಗಳನ್ನೇ ಬಿಡುತ್ತಿದ್ದು ಆಯುಷ್ಯದ ಕೊನೆಯಲ್ಲಿ ಒಂದೇ ಬಾರಿ ಹೂವಾಡಿ, ಕಾಯಿ ಮಾಗಿದ ಬಳಿಕ ಒಣಗಿಹೋಗುತ್ತದೆ. ಎಲೆಯೋ ಎಂದರೆ, ಎಲ್ಲ ಋತುಗಳಲ್ಲಿಯೂ ಎಲ್ಲ ವಯಸ್ಸಿನಲ್ಲಿಯೂ ಇರತಕ್ಕದ್ದು. ಆದರೆ ಒಂದೊಂದು ಎಲೆ ಆಳೆತ್ತರವನ್ನು ಮೀರುವುದಾಗಿ, ಸಸ್ಯಸಂಗ್ರಹಾಲಯದ ಹಾಳೆಯ ಮೇಲೆ ಅದರ ಒಂದು ತುಂಡನ್ನು ಮಾತ್ರ ಅಂಟಿಸಲು ಸಾಧ್ಯ. ಆ ತುಂಡು ಗರಿಯ ಯಾವ ಭಾಗದ್ದೆಂಬುದನ್ನು ಸಂಗ್ರಾಹಕನು ಬರೆದಿಡದಿದ್ದರೆ ಅದರ ಹೊರಲಕ್ಷಣಗಳಿಂದ ಹೆಚ್ಚೇನೂ ತಿಳಿಯದು. ಇಂತಹ ಸನ್ನಿವೇಶದಲ್ಲಿ, ಬೆರಳಗಲದ ಎಲೆತುಂಡೊಂದು ತನ್ನೊಳಗೆ ಅಡಗಿಸಿಕೊಂಡಿರುವ ರಚನಾವಿಶೇಷವೇ ನಿರ್ಣಯಕ್ಕೆ ಆಧಾರವಾಗಬೇಕಾಗುತ್ತದೆ.

ಈ ವಿದ್ಯೆಯ ಪ್ರಯೋಜನವನ್ನು ಕನ್ನಡ ನಾಡಿನ ನೆಲದ ಮೇಲೆಯೇ ನಿಂತು ನೋಡುವುದು ಯುಕ್ತ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿಗೆ ಸೇರಿದ ಸಮೇತನಹಳ್ಳಿಯ ಸುತ್ತಿನ ಬಯಲು, ರಾಗಿಯ ಹೊಲ, ಕೆರೆಯ ಅಂಗಳ, ಹಳ್ಳದ ದಂಡೆ, ತೆಂಗಿನ ತೋಟ ಇವುಗಳಿಂದ ಕೂಡಿದ ಮೈದಾನಪ್ರದೇಶದ ಒಂದು ಭಾಗ. ಇಲ್ಲಿ ತಾನಾಗಿ ಹುಟ್ಟಿ ಬೆಳೆಯುವ ತಾಳೆ ಕುಟುಂಬದ ಮರವೆಂದರೆ ಮುಖ್ಯವಾಗಿ ಈಚಲು. ಮೈಸೂರು ಸಂಸ್ಥಾನದ ಕಾಲದಲ್ಲಿ ಈಚಲು ವನಗಳು ಅಬ್ಕಾರಿಯ ಆದಾಯಕ್ಕೆ ಮೂಲವಾಗಿದ್ದುವು. ಮರದ ನೆತ್ತಿಯ ಬಳಿ ಕೆತ್ತಿ ಇಳಿಸಿದ ರಸ ಹೆಂಡವಾಗಿಯೂ, ಗರಿ ಚಾಪೆ ಪೊರಕೆ ಬುಟ್ಟಿಗಳಾಗಿಯೂ ಹಳ್ಳಿಯ ಬಾಳಿನಲ್ಲಿ ಸೇರಿಹೋಗಿದ್ದುವು. ತೆಂಗು ಅಡಿಕೆಗಳು ನೆಟ್ಟು ಬೆಳೆಸಿದವು. ಇವುಗಳ ಜೊತೆಗೆ, ಬೆಂಗಳೂರು ನಗರವು ವೈಟ್‌ಫೀಲ್ಡ್ ಕಡೆಯಿಂದ ಹೊಸಕೋಟೆಯ ದಿಕ್ಕಿಗೆ ವಿಸ್ತರಿಸುತ್ತ ಬಂದಂತೆ, ಬಡಾವಣೆಗಳ ಮುಂಬಾಗಿಲಿಗೂ ರಸ್ತೆಯ ನಡುವಣ ಪಟ್ಟಿಗೂ ಅಲಂಕಾರವಾಗಿ ಕ್ಯೂಬಾ ದೇಶದ ರಾಯಲ್ ಪಾಮ್, ಮಡಗಾಸ್ಕರಿನ ಅರೆಕಾ ಪಾಮ್, ಆಸ್ಟ್ರೇಲಿಯದ ಫಾಕ್ಸ್‌ಟೇಲ್ ಪಾಮ್, ಕನೇರಿ ದ್ವೀಪಗಳ ಈಚಲು, ದಕ್ಷಿಣ ಅಮೆರಿಕದ ಕ್ವೀನ್ ಪಾಮ್ ಮೊದಲಾದ ಪರದೇಶದ ಪ್ರಭೇದಗಳೂ ಬಂದು ಸೇರಿವೆ. ಎಸ್. ವಿ. ರಾಮಸ್ವಾಮಿ ಮತ್ತು ಬಿ. ಎ. ರಜಿ ಅವರು ಬೆಂಗಳೂರು ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು ಬರೆದ ಗ್ರಂಥವು 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾದಾಗ ಹೊಸಕೋಟೆ ತಾಲ್ಲೂಕು ಆ ಜಿಲ್ಲೆಯ ಒಳಗೇ ಇತ್ತು. ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾದುದು 1986ರಲ್ಲಿ. ಅಂದಿನಿಂದ ಇಂದಿಗೆ ಈ ಭಾಗದಲ್ಲಿ ಕಣ್ಣಿಗೆ ಬೀಳುವ ತಾಳೆ ಪ್ರಭೇದಗಳ ವೈವಿಧ್ಯ ಬಹಳ ಹೆಚ್ಚಿರುವುದರಿಂದ, ಹೂಬಿಡುವ ವಯಸ್ಸಿಗೆ ಬಾರದ ಸಸಿಗಳನ್ನು ಗುರುತಿಸುವ ಕಷ್ಟವೂ ಅದೇ ಪ್ರಮಾಣದಲ್ಲಿ ಹೆಚ್ಚಿದೆ.

ಸೂಕ್ಷ್ಮದರ್ಶಕಕ್ಕೆ ಮೊದಲು ಬರಿಗಣ್ಣಿಗೆ ಕಾಣುವ ಒಂದು ಲಕ್ಷಣವನ್ನು ಹೇಳಲೇಬೇಕು. ಏಕೆಂದರೆ ಅಂತರ್ರಚನೆಯ ಅಧ್ಯಯನವೆಲ್ಲವೂ ಅದರಿಂದಲೇ ಆರಂಭವಾಗುತ್ತದೆ. ತಾಳೆ ಕುಟುಂಬದ ಎಲೆ ಮೊಗ್ಗಿನಲ್ಲಿರುವಾಗ ನಿರಿಗೆನಿರಿಗೆಯಾಗಿ ಮಡಿಸಿಕೊಂಡಿದ್ದು, ಬಿಡಿಸಿಕೊಳ್ಳುವಾಗ ಆ ಮಡಿಕೆಗಳ ಗುಂಟ ಸೀಳಿ ಪರ್ಣಿಕೆಗಳಾಗುತ್ತದೆ. ಸೀಳು ನಿರಿಗೆಯ ಮೇಲಂಚಿನಲ್ಲಿ ಬಿದ್ದರೆ ಪರ್ಣಿಕೆಯ ಮಡಿಕೆ ಊರ್ಧ್ವಮುಖವಾಗಿಯೂ, ಕೆಳಗಂಚಿನಲ್ಲಿ ಬಿದ್ದರೆ ಅಧೋಮುಖವಾಗಿಯೂ ಉಳಿಯುತ್ತದೆ. ಈಚಲಿನ ಪರ್ಣಿಕೆ ಗರಿಯ ದಂಡಿಗೆ ಅಂಟಿಕೊಂಡ ಜಾಗದಲ್ಲಿ ನೀರು ಹಿಡಿಯುವ ದೋಣಿಯಂತೆ ಮೇಲಕ್ಕೆ ತೆರೆದಿದ್ದರೆ, ತೆಂಗಿನ ಪರ್ಣಿಕೆ ಮನೆಯ ಮಾಡಿನಂತೆ ಕೆಳಕ್ಕೆ ಇಳಿಬಿದ್ದಿರುತ್ತದೆ. ಬೀಸಣಿಗೆಯಂತಹ ಎಲೆಯುಳ್ಳ ತಾಳೆ, ಶ್ರೀತಾಳಗಳಲ್ಲಿ ಮಡಿಕೆ ಊರ್ಧ್ವಮುಖ. ಗರಿರೂಪದ ಎಲೆಯುಳ್ಳ ತೆಂಗು, ಅಡಿಕೆ, ಬೆತ್ತಗಳಲ್ಲಿ ಅಧೋಮುಖ. ಗರಿಯ ರೂಪವನ್ನು ತಳೆದೂ ಮೇಲ್ಮುಖವಾಗಿ ಮಡಿಸಿಕೊಂಡಿರುವ ಪರ್ಣಿಕೆಗಳು ಈಚಲಿನ ಜಾತಿಯಲ್ಲಿಯೂ ಬೈನೆ ಮತ್ತು ಅದರ ಹತ್ತಿರದ ಬಂಧುಗಳಲ್ಲಿಯೂ ಮಾತ್ರ ಕಂಡುಬರುವುದರಿಂದ, ಬೈನೆಯ ಎಲೆ ಎರಡು ಬಾರಿ ಕವಲೊಡೆದು ಮೀನಿನ ಈಜುರೆಕ್ಕೆಯ ಆಕಾರದ ಹರಕಲು ಅಂಚಿನ ಪರ್ಣಿಕೆಗಳನ್ನು ಪಡೆದಿರುತ್ತದೆಂಬುದನ್ನು ನೆನಪಿನಲ್ಲಿಟ್ಟವನು, ನುಣುಪಾದ ಅಂಚಿನ ಊರ್ಧ್ವಮುಖ ಪರ್ಣಿಕೆಯನ್ನು ಕೈಯಲ್ಲಿ ಹಿಡಿದೊಡನೆಯೇ ಅದು ಈಚಲಿನ ಜಾತಿಯದೆಂದು ಹೇಳಬಲ್ಲನು.

ಇನ್ನು ಒಳಗಿನ ರಚನೆ. ಪರ್ಣಿಕೆಯ ಎರಡು ಮೈಗಳನ್ನೂ ಹೊರಚರ್ಮವೆಂಬ ಒಂದು ಕೋಶಗಳ ಪದರ ಮುಚ್ಚಿದ್ದು, ಅದರ ಮೇಲೆ ಮೇಣದಂಶದಿಂದ ಕೂಡಿದ ಕ್ಯೂಟಿಕಲ್ ಎಂಬ ಪೊರೆ ಹರಡಿರುತ್ತದೆ. ಹೊರಚರ್ಮದ ಕೆಳಗೆ ಬಣ್ಣವಿಲ್ಲದ ಕೋಶಗಳ ಅಧಶ್ಚರ್ಮ ಒಂದು ಪದರವಾಗಿಯೋ ಹೆಚ್ಚಾಗಿಯೋ ಇರಬಹುದು. ಉಸಿರಾಟದ ದ್ವಾರಗಳಾದ ಪತ್ರರಂಧ್ರಗಳು ಉದ್ದುದ್ದನೆಯ ಸಾಲುಗಳಲ್ಲಿ ಜೋಡಿಸಿಕೊಂಡಿದ್ದು, ಒಂದೊಂದು ರಂಧ್ರದ ಎರಡು ಕಾವಲು ಕೋಶಗಳ ಸುತ್ತ ಪಾರ್ಶ್ವಗಳಲ್ಲಿ ಎರಡು, ತುದಿಗಳಲ್ಲಿ ಎರಡು, ಹೀಗೆ ನಾಲ್ಕು ಸಹಾಯಕ ಕೋಶಗಳಿರುವುದು ಈ ಕುಟುಂಬದಲ್ಲಿ ಸಾಮಾನ್ಯ ಕ್ರಮ. ನಡುವೆ ಪತ್ರಹರಿತ್ತಿನಿಂದ ತುಂಬಿದ ಅಂಗಾಂಶ. ಅದರಲ್ಲಿ ನೀರನ್ನೂ ಆಹಾರವನ್ನೂ ಸಾಗಿಸುವ ನಾಳಕೂರ್ಚಗಳು ಸಮಾನಾಂತರವಾಗಿ ಹಾದುಹೋಗುತ್ತವೆ. ಅವುಗಳ ನಡುವೆ ಅಡ್ಡನಾಳಗಳ ಸೇತುವೆ. ಕೂರ್ಚಗಳ ಸುತ್ತ ನಾರಿನ ಕವಚ. ಕೂರ್ಚಗಳೊಂದಿಗೆ ಸಂಬಂಧವೇ ಇಲ್ಲದ ಬಿಡಿ ನಾರಿನ ಎಳೆಗಳು. ಟ್ಯಾನಿನ್ ತುಂಬಿದ ಕೋಶಗಳು. ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಕಂತೆಗಳನ್ನು ಅಡಗಿಸಿಕೊಂಡ ಕೋಶಗಳು. ಬೈನೆಯ ಹಣ್ಣನ್ನು ಬರಿಗೈಯಿಂದ ಹಿಸುಕಿದವರಿಗೆ ಆಗುವ ತೀವ್ರವಾದ ತುರಿಕೆಗೆ ಕಾರಣ ಇಂತಹ ಸೂಜಿಹರಳುಗಳೇ. ಈ ಭಾಗಗಳೆಲ್ಲ ಎಲ್ಲ ಪ್ರಭೇದಗಳಲ್ಲಿಯೂ ಹೆಚ್ಚುಕಡಮೆ ಇರತಕ್ಕವೇ ಆದರೂ, ಯಾವುದು ಎಲ್ಲಿದೆ, ಎಷ್ಟಿದೆ, ಯಾವುದಕ್ಕೆ ತಾಗಿಕೊಂಡಿದೆ ಎಂಬ ಅಂಶಗಳಲ್ಲಿ ಭೇದಗಳಿವೆ. ನಿರ್ಣಯವೆಲ್ಲವೂ ಆ ಭೇದಗಳನ್ನೇ ಆಶ್ರಯಿಸಿದೆ.

ಕೆರೆಯಂಗಳದ ಈಚಲುಮರದಿಂದ, ಚೆನ್ನಾಗಿ ಬಲಿತ ಗರಿಯ ನಡುಭಾಗದ ಒಂದು ಪರ್ಣಿಕೆಯನ್ನು ಕಿತ್ತು, ಅದರ ನಡುವಿನಿಂದ ಅರ್ಧ ಅಂಗುಲದಷ್ಟನ್ನು ಕತ್ತರಿಸಿ, ಸೀಳಿದ ಕ್ಯಾರೆಟ್ಟಿನ ತುಂಡುಗಳ ನಡುವೆ ಒತ್ತಿಹಿಡಿದು, ನೀರು ಹನಿಸಿದ ಕ್ಷೌರದ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು, ತೆಳುವಾದ ಛೇದವನ್ನು ಸ್ಯಾಫ್ರನಿನ್ ಬಣ್ಣದಲ್ಲಿ ಅದ್ದಿ ಗಾಜಿನ ಮೇಲಿಟ್ಟು ನೋಡಿದರೆ, ಮೊದಲು ಕಣ್ಣನ್ನು ಸೆಳೆಯುವುದು ಅದರ ಎರಡು ಮೈಗಳ ಸಾಮ್ಯ. ಮೇಲುಮೈಯ ದಪ್ಪನೆಯ ಕ್ಯೂಟಿಕಲ್, ಅದರಡಿಯ ಚಿಕ್ಕ ಹೊರಚರ್ಮಕೋಶಗಳು, ಅವುಗಳ ಕೆಳಗಿನ ಬಣ್ಣವಿಲ್ಲದ ಪದರ, ಅದಕ್ಕೆ ಒತ್ತಿನಿಂತ ನಾರಿನ ಕೆಂಪು ಚುಕ್ಕೆಗಳು, ಇವೆಲ್ಲವೂ ಕೆಳಮೈಯಲ್ಲಿ ಬಹುಮಟ್ಟಿಗೆ ಅದೇ ಕ್ರಮದಲ್ಲಿ ಮರಳಿ ಕಾಣಿಸಿಕೊಳ್ಳುತ್ತವೆ; ಪತ್ರರಂಧ್ರಗಳೂ ಎರಡೂ ಮೈಗಳಲ್ಲಿ ಇರುತ್ತವೆ. ನಡುವಣ ಹಸಿರು ಅಂಗಾಂಶದಲ್ಲಿ ಮೇಲು ಕೀಳುಗಳ ವ್ಯತ್ಯಾಸ ಅಷ್ಟಾಗಿ ತೋರದು. ಕೂರ್ಚಗಳು ದೊಡ್ಡವೂ ಚಿಕ್ಕವೂ ಒಂದರ ಪಕ್ಕದಲ್ಲೊಂದು ಸಾಲುಗೊಂಡಿದ್ದು, ದೊಡ್ಡವುಗಳ ನಾರಿನ ಕವಚ ಸ್ಯಾಫ್ರನಿನ್ನಿನಿಂದ ಗಾಢವಾದ ಕೆಂಬಣ್ಣವನ್ನು ತಾಳುತ್ತದೆ. ಈಚಲು ಗರಿಯ ಪೊರಕೆ ಅಂಗಳದ ಒರಟು ನೆಲವನ್ನು ತಿಂಗಳುಗಟ್ಟಲೆ ಗುಡಿಸಿಯೂ ಸವೆಯದೆ ಇರುವುದಕ್ಕೆ, ಎರಡೂ ಮೈಗಳ ಗುಂಟ ಹರಡಿದ ಈ ನಾರಿನ ಎಳೆಗಳೇ ಕಾರಣವೆಂದು ಛೇದವನ್ನು ಕಂಡವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಇದೇ ವಿಧದಲ್ಲಿ ತೆಂಗಿನ ಪರ್ಣಿಕೆಯನ್ನು ಕೊಯ್ದಿಟ್ಟರೆ ಮೇಲುಕೀಳುಗಳ ಭೇದ ಒಡನೆಯೇ ಗೋಚರವಾಗುತ್ತದೆ: ಪತ್ರರಂಧ್ರಗಳು ಕೆಳಮೈಗೆ ಮಾತ್ರ ಮೀಸಲು, ಮೇಲುಮೈಯ ಕಡೆ ನೀರನ್ನು ಹಿಡಿದಿಡುವ ಬಣ್ಣವಿಲ್ಲದ ಕೋಶಗಳು, ಅವುಗಳ ಕೆಳಗೆ ಒತ್ತಾಗಿ ನಿಂತ ಹಸಿರುಕೋಶಗಳು, ನಡುವೆ, ಕಡ್ಡಿಪೊರಕೆಗೆ ಬಳಸುವ ಗಟ್ಟಿಯಾದ ಕಡ್ಡಿ, ಅದರ ಇಕ್ಕೆಲಗಳಲ್ಲಿ ತೆಳುಗೋಡೆಯ ದೊಡ್ಡ ಕೋಶಗಳ ಗುಂಪು. ನೀರು ತುಂಬಿದಾಗ ಈ ಕೋಶಗಳು ಉಬ್ಬಿ ಪರ್ಣಿಕೆಯನ್ನು ಹರಡುವುವು, ನೀರು ತಗ್ಗಿದಾಗ ಕುಗ್ಗಿ ಅದನ್ನು ಮಡಿಸುವುವು. ಹರಿದ ಚಾಪೆಯ ಒಂದು ಎಳೆಯೋ ಹಳೆಯ ಚಪ್ಪರದ ಒಂದು ಚೂರೋ ಈಚಲಿನದೇ ತೆಂಗಿನದೇ ಎಂಬುದನ್ನು ತೀರ್ಮಾನಿಸಲು ಇಷ್ಟು ಸಾಕು.

ನಾರಿನ ಎಳೆಗಳ ಮೈಗೆ ಅಂಟಿಕೊಂಡು ಸಾಲುಸಾಲಾಗಿ ನಿಂತ ಸಿಲಿಕಕೋಶಗಳು ಈ ಕುಟುಂಬದ ಮತ್ತೊಂದು ಮುಖ್ಯ ಸಾಕ್ಷ್ಯ. ಬೇರಿನ ಮೂಲಕ ನೀರಿನೊಡನೆ ಬಂದ ಸಿಲಿಕವು ಈ ಕೋಶಗಳಲ್ಲಿ ಘನೀಭವಿಸಿ, ಕೋಶವೊಂದಕ್ಕೆ ಒಂದರಂತೆ, ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸಿನ ಗಾತ್ರದ ಪುಟ್ಟ ಕಾಯವಾಗುತ್ತದೆ. ಈಚಲು, ತೆಂಗು, ತಾಳೆಗಳಲ್ಲಿ ಅದು ಮೈಯೆಲ್ಲ ಮೊನೆಗಳೆದ್ದ ಗೋಳ. ಬೈನೆ ಮತ್ತು ಅದರ ಬಳಗದಲ್ಲಿ ಅಗಲವಾದ ತಳದ ಮೇಲೆ ಮೊಟಕು ಶಿಖರವೆದ್ದ ಟೋಪಿಯ ಆಕಾರದ್ದು. ಆದುದರಿಂದ ಊರ್ಧ್ವಮುಖ ಪರ್ಣಿಕೆಯ ಚೂರೊಂದು ಹರಿದು ಅಂಚು ಕಾಣದಂತಾಗಿದ್ದರೂ, ಸಿಲಿಕಕಾಯದ ಆಕೃತಿಯೊಂದರಿಂದಲೇ ಅದು ಈಚಲೋ ಬೈನೆಯೋ ಎಂಬುದು ಇತ್ಯರ್ಥವಾಗುವುದು. ಎಲೆ ಕೊಳೆತು ಮಣ್ಣಾದರೂ, ಸುಟ್ಟು ಬೂದಿಯಾದರೂ ಈ ಕಾಯಗಳು ನಾಶವಾಗದೆ ಉಳಿಯುವುದರಿಂದ, ಪುರಾತತ್ತ್ವಜ್ಞರು ಹಳೆಯ ನೆಲೆಗಳ ಮಣ್ಣಿನಿಂದ ಇವನ್ನು ಬೇರ್ಪಡಿಸಿ, ಅಲ್ಲಿ ತಾಳೆ ಕುಟುಂಬದ ಸಸ್ಯಗಳಿದ್ದುವೆಂದು ಊಹಿಸುತ್ತಾರೆ. ಆದರೆ ಗೋಳಾಕಾರದ ಕಾಯ ಕುಟುಂಬದ ಅನೇಕ ಜಾತಿಗಳಿಗೆ ಸಮಾನವಾದುದರಿಂದ, ಅದೊಂದನ್ನೇ ನೆಚ್ಚಿ ಪ್ರಭೇದದ ಹೆಸರನ್ನು ಹೇಳುವುದು ಸಾಹಸವೇ ಸರಿ.

ಈ ಶಾಸ್ತ್ರದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಮಲಬಾರಿನ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನ ಹೊರ್ಟಸ್ ಮಲಬಾರಿಕಸ್ ಎಂಬ ಮಹಾಗ್ರಂಥವು 1678ರಿಂದ 1693ರವರೆಗೆ ಸಂಪುಟಸಂಪುಟವಾಗಿ ಹೊರಬಂದಾಗ ಅದರಲ್ಲಿ ತೆಂಗು, ಅಡಿಕೆ, ತಾಳೆ, ಬೈನೆ, ಶ್ರೀತಾಳ, ಈಚಲುಗಳ ಚಿತ್ರಗಳಿದ್ದುವು; ಈಚಲಿಗೆ ಲಿನೇಯಸನು 1753ರಲ್ಲಿ ಕೊಟ್ಟ ಹೆಸರಿಗೆ ಆಧಾರವಾದುದು ಆ ಗ್ರಂಥದ ಚಿತ್ರ ಮತ್ತು ವರ್ಣನೆ; ಮುಂದೆ ರಾಕ್ಸ್‌ಬರ್ಗನು ಅದನ್ನು ಖರ್ಜೂರದ ಜಾತಿಗೆ ಸೇರಿಸಿ ಫೀನಿಕ್ಸ್ ಸಿಲ್ವೆಸ್ಟ್ರಿಸ್ ಎಂಬ ಇಂದಿನ ಹೆಸರನ್ನು ಬಳಕೆಗೆ ತಂದನು. ಇವೆಲ್ಲ ಹೊರರೂಪದ ಅಧ್ಯಯನಗಳು. ಒಳಗಿನ ರಚನೆಯನ್ನು ಕ್ರಮವಾಗಿ ವಿವರಿಸಿದ ಮೊದಲಿಗನೆಂದರೆ ಜರ್ಮನಿಯ ಹ್ಯೂಗೋ ವಾನ್ ಮೋಲ್. ಮಾರ್ಷಿಯಸನು ತಾಳೆಗಳನ್ನು ಕುರಿತು ರಚಿಸಿದ ಬೃಹದ್ಗ್ರಂಥಕ್ಕೆ ಸೇರಿಕೊಂಡಂತೆ ಅವನ ಪ್ರಬಂಧ 1831ರಲ್ಲಿ ಬೆಳಕು ಕಂಡಿತು. ಭಾರತದ ತಾಳೆಗಳ ಮಟ್ಟಿಗೆ ಗ್ರಿಫಿತನ 1850ರ ಗ್ರಂಥ, ಇಟಲಿಯ ಬೆಕ್ಕಾರಿಯ ಬೆತ್ತಗಳ ಮೇಲಿನ 1908ರ ಗ್ರಂಥ, ಮುಂಬಯಿಯ ಜೆಸ್ವಿಟ್ ಪಾದ್ರಿ ಬ್ಲ್ಯಾಟರನ 1926ರ ಗ್ರಂಥ ಇವು ಬಹುಕಾಲ ಪ್ರಮಾಣವಾಗಿದ್ದರೂ ಅವುಗಳಲ್ಲಿ ಎಲೆಯ ಅಂತರ್ರಚನೆಗೆ ದೊರೆತ ಸ್ಥಾನ ಅಲ್ಪ. 1961ರಲ್ಲಿ ಪಿ. ಬಿ. ಟಾಮ್ಲಿನ್‌ಸನ್ ಅವರು ಏಕದಳ ಸಸ್ಯಗಳ ಅಂತರ್ರಚನೆಯ ಗ್ರಂಥಮಾಲೆಯ ಎರಡನೆಯ ಸಂಪುಟವಾಗಿ ತಾಳೆ ಕುಟುಂಬವೊಂದನ್ನೇ ಕುರಿತು ಬರೆದು ಪ್ರಕಟಿಸಿದ ಮೇಲೆ ಈ ವಿದ್ಯೆಗೆ ಭದ್ರವಾದ ತಳಹದಿ ದೊರೆಯಿತು. ಐವತ್ತು ವರ್ಷಗಳ ತರುವಾಯ, 2011ರಲ್ಲಿ, ಅವರೇ ಇಬ್ಬರು ಸಹೋದ್ಯೋಗಿಗಳೊಡನೆ ಅದನ್ನು ಹೊಸದಾಗಿ ಬರೆದರು. ಪುಣೆಯಲ್ಲಿ ಟಿ. ಎಸ್. ಮಹಾಬಲೆ ಅವರು ಭಾರತದ ತಾಳೆಗಳ ಅಧ್ಯಯನವನ್ನು ದೀರ್ಘಕಾಲ ನಡೆಸಿದರು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯ ಸಿ. ರೇಣುಕಾ ಅವರು ಪಶ್ಚಿಮಘಟ್ಟಗಳ ಬೆತ್ತಗಳನ್ನು ಕುರಿತು 1992ರಲ್ಲಿ ಹೊರತಂದ ಕೈಪಿಡಿಯು ಕೊಡಗು, ಮಲೆನಾಡುಗಳ ಬೆತ್ತಗಳನ್ನು ಗುರುತಿಸಲು ಹೊರಟ ಕನ್ನಡಿಗರಿಗೂ ಅತ್ಯಗತ್ಯವಾದುದು.

ಜಾತಿಯನ್ನು ಗುರುತಿಸುವುದು ಒಂದು ಮಾತು. ಒಂದೇ ಜಾತಿಯ ಪ್ರಭೇದಗಳನ್ನು ಬೇರ್ಪಡಿಸುವುದು ಮತ್ತೊಂದು. ಎರಡನೆಯದರಲ್ಲಿ ಈ ಪದ್ಧತಿಗೆ ಅತ್ಯಂತ ಹೆಚ್ಚಿನ ಯಶಸ್ಸು ದೊರೆತಿರುವುದು ತೆಂಗಿನ ಹತ್ತಿರದ ಬಂಧುವಾದ ಸ್ಯಾಗ್ರಸ್ ಎಂಬ ದಕ್ಷಿಣ ಅಮೆರಿಕದ ಜಾತಿಯಲ್ಲಿ. ಅಲಂಕಾರಕ್ಕಾಗಿ ನೆಡುವ ಕ್ವೀನ್ ಪಾಮ್ ಈ ಜಾತಿಗೆ ಸೇರಿದ್ದು. ಉಳಿದ ಪ್ರಭೇದಗಳು ಹೆಚ್ಚಾಗಿ ಬ್ರೆಜಿಲ್ ದೇಶದವು. ಅವುಗಳಲ್ಲಿ ಎಷ್ಟೋ ಪ್ರಭೇದಗಳು ಹುಲ್ಲಿನ ನಡುವೆ ಹುಲ್ಲಿನಂತೆಯೇ ಕಾಣುವ ಕುಳ್ಳುಗಿಡಗಳಾಗಿ, ಹೂವಿಲ್ಲದ ಕಾಲದಲ್ಲಿ ಪರಸ್ಪರ ಬೇರ್ಪಡಿಸಲಾಗದಷ್ಟು ಹೋಲುತ್ತವೆ. ಅಮೆರಿಕದ ಎಸ್. ಎಫ್. ಗ್ಲಾಸ್‌ಮನ್ ಅವರು 1972ರಲ್ಲಿ ಇವುಗಳ ಪರ್ಣಿಕೆಗಳ ಛೇದಗಳನ್ನು ಹೋಲಿಸಿ ನೋಡಿ, ನಾರಿನ ಎಳೆಗಳ ಸ್ಥಾನ ಮತ್ತು ಕೂರ್ಚಗಳ ವಿನ್ಯಾಸಗಳಿಂದ ಪ್ರಭೇದಗಳನ್ನು ಪ್ರತ್ಯೇಕಿಸಬಹುದೆಂದು ತೋರಿಸಿದರು. ಆ ಕಾರ್ಯವನ್ನು ಮುಂದುವರಿಸಿದ ಲ್ಯಾರಿ ನೋಬ್ಲಿಕ್ ಅವರು ಫ್ಲಾರಿಡದ ಮ್ಯಾಂಟ್‌ಗಾಮರಿ ಸಸ್ಯೋದ್ಯಾನದಿಂದ, ಪರ್ಣಿಕೆಯ ಅಂಚಿನ ರಚನೆಯೊಂದನ್ನೇ ಆಧಾರವಾಗಿಟ್ಟುಕೊಂಡು ಆ ಜಾತಿಯ ಪ್ರಭೇದಗಳನ್ನು ಗುರುತಿಸುವ ಸೂಚಿಯನ್ನು 2017ರಲ್ಲಿ ಪ್ರಕಟಿಸಿದರು. ಎಲೆಯ ಅಂಚಿನ ಒಂದು ಎಳೆ, ಹೂವೂ ಕಾಯಿಯೂ ಇಲ್ಲದ ಸಸ್ಯದ ಹೆಸರನ್ನು ತಿಳಿಸಬಲ್ಲದೆಂಬುದು ಸಸ್ಯಶಾಸ್ತ್ರದಲ್ಲಿ ಮೆಚ್ಚತಕ್ಕ ಸಾಧನೆ. ಅಂಚನ್ನು ಆರಿಸಿಕೊಂಡುದಕ್ಕೆ ವಿವೇಕಯುತವಾದ ಕಾರಣವೂ ಉಂಟು: ಅಂಚು ಎಂಬುದು ಪರ್ಣಿಕೆಯಲ್ಲಿ ಖಚಿತವಾಗಿ ಗೊತ್ತುಮಾಡಬಹುದಾದ ಸ್ಥಳ, ಎರಡು ಸಸ್ಯಗಳ ಅದೇ ಸ್ಥಳವನ್ನು ಹೋಲಿಸುತ್ತಿದ್ದೇವೆಂಬ ನಂಬಿಕೆ ಪರೀಕ್ಷಕನಿಗೆ ಅಲ್ಲಿ ಬರುವಷ್ಟು ಬೇರೆಡೆ ಬರದು.

ನಮ್ಮ ಈಚಲಿನ ಜಾತಿಯ ವಿಷಯದಲ್ಲಿ ಬೆಕ್ಕಾರಿಯು 1890ರಲ್ಲಿಯೂ, ಸಾಶಾ ಬ್ಯಾರೋ ಅವರು 1998ರಲ್ಲಿಯೂ ಸಮಗ್ರವಾದ ಪ್ರಬಂಧಗಳನ್ನು ರಚಿಸಿದ್ದಾರೆ. ಬ್ಯಾರೋ ಅವರು ಒಟ್ಟು 13 ಪ್ರಭೇದಗಳನ್ನು ಒಪ್ಪಿಕೊಂಡರು. ದಕ್ಷಿಣ ಭಾರತದಲ್ಲಿ ಬಯಲಿನ ಈಚಲಲ್ಲದೆ, ಗುಡ್ಡಗಳ ಹುಲ್ಲುನೆಲದಲ್ಲಿ ಬೆಳೆಯುವ ಫೀನಿಕ್ಸ್ ಲೌರೀರೈ ಎಂಬ ಗಿಡ್ಡ ಈಚಲೂ, ಪೂರ್ವತೀರದ ಒಣಬಯಲಿನ ಫೀನಿಕ್ಸ್ ಪುಸಿಲ್ಲ ಎಂಬುದೂ ಇವೆ. ಖರ್ಜೂರವೂ ಕನೇರಿ ಈಚಲೂ ನೆಟ್ಟು ಬೆಳೆಸಿದವು. ಈ ಜಾತಿಯೊಳಗೆ ನಾರಿನ ಎಳೆಗಳ ಸಾಂದ್ರತೆ, ಟ್ಯಾನಿನ್ ಕೋಶಗಳ ಹಂಚಿಕೆ, ಮಡಿಕೆಯ ಬಳಿಯ ಅಂಗಾಂಶದ ರೂಪ ಇವು ವಿಚಾರಾರ್ಹವಾದ ಲಕ್ಷಣಗಳು. ಆದರೆ ಈಚಲಿನ ಪ್ರಭೇದಗಳು ಒಂದರೊಡನೊಂದು ಸುಲಭವಾಗಿ ಸಂಕರಗೊಳ್ಳುವ ಸ್ವಭಾವದವು. ಒಂದೆಡೆ ಗಂಡುಮರವಾಗಿ ನಿಂತ ಖರ್ಜೂರದ ಪರಾಗ ಪಕ್ಕದ ಈಚಲಿಗೆ ಹಾರಿ ಹುಟ್ಟಿದ ಸಂತಾನದ ಎಲೆ ಎರಡರ ಲಕ್ಷಣಗಳನ್ನೂ ಬೆರಸಿಕೊಂಡು ಪರೀಕ್ಷಕನನ್ನು ದಾರಿತಪ್ಪಿಸಬಹುದು. ಖರ್ಜೂರವು ಬುಡದಿಂದ ಮರಿಗಳನ್ನೆಬ್ಬಿಸುವುದು, ಈಚಲು ಒಂಟಿ ಕಾಂಡವಾಗಿ ಬೆಳೆಯುವುದು ಎಂಬಂತಹ ಹೊರಗಿನ ಭೇದಗಳು ಇಲ್ಲಿ ಸೂಕ್ಷ್ಮದರ್ಶಕಕ್ಕಿಂತ ಹೆಚ್ಚು ನೆರವಾಗುತ್ತವೆಂಬುದನ್ನು ಪಕ್ಷಪಾತವಿಲ್ಲದೆ ಒಪ್ಪಿಕೊಳ್ಳಬೇಕು. ಎಲೆಯೊಂದೇ ಕೈಗೆ ಸಿಕ್ಕಾಗ, ಜಾತಿಯನ್ನು ನಿಸ್ಸಂದೇಹವಾಗಿ ಹೇಳಿ, ಪ್ರಭೇದದ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನು ಉಳಿಸುವುದೇ ಶಾಸ್ತ್ರೀಯವಾದ ನಡೆ.

ಕನ್ನಡಿಗರಿಗೆ ವಿಶೇಷವಾಗಿ ಹತ್ತಿರವಾದ ಒಂದು ಪ್ರಯೋಗಕ್ಷೇತ್ರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಬಹುಭಾಗ ಉಳಿದುಬಂದಿರುವುದು ಓಲೆಗರಿಗಳ ಮೇಲೆ. ಮೂಡಬಿದಿರೆಯ ಧವಳ ಗ್ರಂಥಗಳಾಗಲಿ, 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು ಆರ್. ಶಾಮಾಶಾಸ್ತ್ರಿಗಳ ಕೈಯಿಂದ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೂಲಪ್ರತಿಯಾಗಲಿ, ಎಲೆಯ ಮೇಲಣ ಬರಹಗಳೇ. ಓಲೆಗೆ ಬಳಸಿದ ಎಲೆ ಎರಡು ಮರಗಳದು: ಅಗಲವಾಗಿಯೂ ತೆಳುವಾಗಿಯೂ ಬಳುಕುವಂತೆಯೂ ಇರುವ ಶ್ರೀತಾಳ, ಕಿರಿದಾಗಿ ದಪ್ಪವಾಗಿ ಬಿರುಸಾಗಿರುವ ಸಾಮಾನ್ಯ ತಾಳೆ. ಇವುಗಳನ್ನು ಬೇರ್ಪಡಿಸುವ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಪ್ರತಿಯ ದೇಶಕಾಲಗಳನ್ನು ಊಹಿಸಲೂ, ಅದನ್ನು ಕಾಪಾಡುವ ಉಪಾಯವನ್ನು ಗೊತ್ತುಮಾಡಲೂ ಅದು ಸಹಾಯಕ. ರುಡಾಲ್ಫ್ ಹರ್ನ್ಲೆ ಎಂಬ ವಿದ್ವಾಂಸನು 1900ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರಾಚೀನ ಪ್ರತಿಗಳ ಎಲೆ ಈ ಎರಡರಲ್ಲಿ ಯಾವುದೆಂಬುದನ್ನು ವಿಚಾರಮಾಡಿದನು. ಎಲೆಯನ್ನು ಬೆಳಕಿಗೆ ಹಿಡಿದಾಗ ನೀಳವಾದ ನಾಳಗಳ ನಡುವೆ ಕಾಣುವ ಅಡ್ಡನಾಳಗಳ ಅಂತರ, ಓಟ, ಸ್ಪಷ್ಟತೆಗಳನ್ನು ಮರದ ಹೆಸರು ಗೊತ್ತಿರುವ ಎಲೆಗಳೊಂದಿಗೆ ಹೋಲಿಸುವುದೇ ಇಲ್ಲಿನ ಮೊದಲ ಹೆಜ್ಜೆ. ಬರೆಯುವ ಮುನ್ನ ಎಲೆಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡುವುದರಿಂದಲೂ, ಕಾಡಿಗೆ ಎಣ್ಣೆಗಳನ್ನು ಸವರುವುದರಿಂದಲೂ ಹೊರಚರ್ಮದ ಎಷ್ಟೋ ಲಕ್ಷಣಗಳು ಅಳಿಸಿಹೋಗಿರುತ್ತವೆ. ಆದರೆ ಒಳಗಿನ ನಾಳ, ನಾರು, ಸಿಲಿಕಗಳು ಅಳಿಯವು. ಅಕ್ಷರವಿಲ್ಲದೆ ಕಳಚಿಬಿದ್ದ ಚೂರು ದೊರೆತರೆ ಮಾತ್ರ ಕೊಯ್ದು ನೋಡಬೇಕೇ ಹೊರತು, ಬರಹವಿರುವ ಗರಿಯ ಅಂಚನ್ನು ಪರೀಕ್ಷೆಯ ನೆವದಿಂದ ಕತ್ತರಿಸುವುದು ಎಂದಿಗೂ ಕ್ಷಮಾರ್ಹವಲ್ಲ.

ಗುರುತಿಸುವಿಕೆಗೆ ಹೊರತಾದ ಉಪಯೋಗವೂ ಈ ವಿದ್ಯೆಗೆ ಉಂಟು. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಮೊದಲಾಗಿ, 1970ರಿಂದ ಸಿ.ಪಿ.ಸಿ.ಆರ್.ಐ. ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಸಂಸ್ಥೆಯಲ್ಲಿ ತೆಂಗಿನ ತಳಿಗಳ ಎಲೆಯ ಒಳರಚನೆಯನ್ನು ಬರವನ್ನು ತಾಳುವ ಶಕ್ತಿಯೊಂದಿಗೆ ಹೋಲಿಸಿ ನೋಡಿದ್ದಾರೆ. ಅಲ್ಲಿ ಪ್ರಶ್ನೆ ಪ್ರಭೇದದ್ದಲ್ಲ, ಒಂದೇ ಪ್ರಭೇದದ ಒಳಗಿನ ತಳಿಗಳದು. ಇದರಿಂದ ತಿಳಿಯತಕ್ಕ ಎಚ್ಚರಿಕೆಯೊಂದಿದೆ: ಕ್ಯೂಟಿಕಲ್ಲಿನ ದಪ್ಪ, ಪತ್ರರಂಧ್ರಗಳ ದಟ್ಟಣೆ ಮೊದಲಾದ ಅಳತೆಯ ಲಕ್ಷಣಗಳು ತಳಿಯಿಂದ ತಳಿಗೂ, ನೆಲದ ತೇವದಿಂದ ತೇವಕ್ಕೂ, ಬಿಸಿಲಿನಿಂದ ನೆರಳಿಗೂ ಬದಲಾಗತಕ್ಕವು. ಮಡಿಕೆಯ ದಿಕ್ಕು, ರಂಧ್ರಗಳು ಒಂದು ಮೈಯಲ್ಲಿವೆಯೋ ಎರಡರಲ್ಲಿಯೋ ಎಂಬುದು, ಸಿಲಿಕಕಾಯದ ಆಕೃತಿ, ನಾರಿನ ಎಳೆ ಅಧಶ್ಚರ್ಮಕ್ಕೆ ತಾಗಿದೆಯೋ ಬಿಡಿಯಾಗಿದೆಯೋ ಎಂಬುದು, ಇಂತಹ ಗುಣಲಕ್ಷಣಗಳಿಗೇ ನಿರ್ಣಯದಲ್ಲಿ ಅಗ್ರಸ್ಥಾನ ಸಲ್ಲತಕ್ಕದ್ದು.

ಅಭ್ಯಾಸಿಗಳಿಗಾಗಿ ವಿಧಾನದ ಕೆಲವು ಮಾತುಗಳು. ಹಸಿ ಎಲೆ ದೊರೆತಾಗ ಫಾರ್ಮಲಿನ್, ಅಸಿಟಿಕ್ ಆಮ್ಲ, ಮದ್ಯಸಾರಗಳ ಮಿಶ್ರಣದಲ್ಲಿ ಮುಳುಗಿಸಿಟ್ಟು ಬಳಿಕ ಕೊಯ್ಯಬೇಕು. ಒಣಗಿದ ಎಲೆಯನ್ನು ನೀರಿನಲ್ಲಿ ಕುದಿಸಿ ಮೆದುವಾಗಿಸಿಕೊಳ್ಳಬೇಕು. ಪತ್ರರಂಧ್ರಗಳನ್ನು ಮಾತ್ರ ನೋಡಬೇಕಾದರೆ, ಎಲೆಯ ಮೈಗೆ ಬಣ್ಣವಿಲ್ಲದ ನೈಲ್ ಪಾಲಿಷ್ ಬಳಿದು, ಆರಿದ ಮೇಲೆ ಪಾರದರ್ಶಕ ಅಂಟುಪಟ್ಟಿಯಿಂದ ಎಬ್ಬಿಸಿ ಗಾಜಿಗೆ ಅಂಟಿಸಿದರೆ ಅದರ ಅಚ್ಚು ಸೊಗಸಾಗಿ ಮೂಡಿಬರುತ್ತದೆ. ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು. ಸಿಲಿಕಕಾಯಗಳನ್ನು ನೋಡಲು ಎಲೆಯ ಚೂರನ್ನು ಮೂಸೆಯಲ್ಲಿ ಸುಟ್ಟು, ಉಳಿದ ಬೂದಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು ಪರೀಕ್ಷಿಸಬಹುದು. ಸಿಲಿಕವೂ ನಾರೂ ಸೇರಿ ಬ್ಲೇಡಿನ ಬಾಯನ್ನು ಬೇಗನೆ ಮೊಂಡು ಮಾಡುವುದರಿಂದ ಹೊಸ ಅಲಗುಗಳನ್ನು ಧಾರಾಳವಾಗಿ ಇಟ್ಟುಕೊಂಡಿರಬೇಕು. ಸಿಲಿಕವನ್ನು ಕರಗಿಸಲು ಕೆಲವರು ಬಳಸುವ ಹೈಡ್ರೋಫ್ಲೋರಿಕ್ ಆಮ್ಲವು ಮೂಳೆಯವರೆಗೂ ಇಳಿಯುವ ಘೋರ ವಿಷವಾದುದರಿಂದ, ಸುಸಜ್ಜಿತವಾದ ಪ್ರಯೋಗಶಾಲೆಯ ಹೊರಗೆ ಅದನ್ನು ಮುಟ್ಟಲೇಬಾರದು.

ಹೋಲಿಕೆಗೆ ಬೇಕಾದ ಪ್ರಮಾಣಛೇದಗಳಿಲ್ಲದೆ ಎಷ್ಟು ಚೆನ್ನಾಗಿ ಕೊಯ್ದರೂ ಫಲವಿಲ್ಲ. ಹೊಸಕೋಟೆಯ ಸೀಮೆಯ ತಾಳೆಗಳಿಗೆ ಅಂತಹ ಒಂದು ಛೇದಸಂಗ್ರಹವನ್ನು ಸಿದ್ಧಪಡಿಸುವುದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗವೊಂದರ ಶಕ್ತಿಗೆ ಮೀರಿದ ಕೆಲಸವಲ್ಲ. ಈಚಲು, ತೆಂಗು, ಅಡಿಕೆ, ಬೈನೆ, ತಾಳೆಗಳಿಂದ ಮೊದಲುಮಾಡಿ, ಹೆಸರು ಖಚಿತವಾಗಿರುವ ಮರಗಳಿಂದ ಮಾತ್ರ, ಸಾಧ್ಯವಾದರೆ ಲಾಲ್‌ಬಾಗಿನಂತಹ ಉದ್ಯಾನಗಳಲ್ಲಿ ಹೆಸರುಪಟ್ಟಿ ತಗುಲಿಸಿರುವ ಮರಗಳಿಂದ, ಅನುಮತಿ ಪಡೆದು ಪರ್ಣಿಕೆಗಳನ್ನು ತರಬೇಕು. ಪ್ರತಿ ಪ್ರಭೇದಕ್ಕೂ ಒಂದಕ್ಕಿಂತ ಹೆಚ್ಚು ಮರಗಳನ್ನು, ಸಸಿಯನ್ನೂ ಬಲಿತ ಮರವನ್ನೂ, ಬಿಸಿಲಿನ ಗರಿಯನ್ನೂ ನೆರಳಿನ ಗರಿಯನ್ನೂ ಸೇರಿಸಬೇಕು. ಕೆರೆಗಳ ಅಂಗಳ ಒತ್ತುವರಿಯಾಗಿ ಹಳೆಯ ಈಚಲುಮರಗಳು ಉರುಳುತ್ತಿರುವ ಈ ಭಾಗದಲ್ಲಿ, ಖರ್ಜೂರ ಮತ್ತು ಕನೇರಿ ಈಚಲುಗಳ ಸಂಕರಕ್ಕೆ ಇನ್ನೂ ಒಳಗಾಗದ ನಾಡಮರಗಳ ಛೇದಗಳನ್ನು ಮೊದಲು ತೆಗೆದಿಡುವುದು ಎಲ್ಲಕ್ಕಿಂತ ತುರ್ತಿನ ಕೆಲಸವೆಂದು ಈ ಲೇಖಕನ ದೃಢವಾದ ಅಭಿಪ್ರಾಯ. ಗಾಜಿನ ಪಟ್ಟಿಯ ಮೇಲೆ ಊರು, ದಿನಾಂಕ, ಮರದ ಎತ್ತರ, ಗಂಡೋ ಹೆಣ್ಣೋ ಎಂಬುದು, ಗರಿಯಲ್ಲಿ ಪರ್ಣಿಕೆಯ ಸ್ಥಾನ, ಪರ್ಣಿಕೆಯಲ್ಲಿ ಛೇದದ ಸ್ಥಾನ ಇಷ್ಟನ್ನೂ ಬರೆಯಬೇಕು. ಅದೇ ಪರ್ಣಿಕೆಯ ಉಳಿದರ್ಧವನ್ನು ಸಿಲಿಕ ಜೆಲ್ಲಿನಲ್ಲಿ ಒಣಗಿಸಿ, ಅದೇ ಸಂಖ್ಯೆಯ ಚೀಟಿಯೊಡನೆ ಲಕೋಟೆಯಲ್ಲಿಟ್ಟರೆ, ಅಂತರ್ರಚನೆ ಸಂದೇಹವನ್ನುಳಿಸಿದ ಪ್ರಭೇದಗಳಲ್ಲಿ ಡಿ.ಎನ್.ಎ. ಪರೀಕ್ಷೆಯನ್ನು ಮುಂದೆ ಯಾವಾಗಲಾದರೂ ಮಾಡಿನೋಡಬಹುದು.